ಆರರ ಸರದಿ

ಶನಿವಾರ, ಹದಿನಾಲ್ಕು. ದ್ವೀಪದಲ್ಲಿ ಮೂರನೇ ದಿನ.

ಸಂಜೆ ಆರರಿಂದ ರೇಡಿಯೋ ಮುಂದೆ ಕೂರುವ ಸರದಿ ನನ್ನದು. ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದು ನಮ್ಮ ಹವ್ಯಾಸಿ ರೇಡಿಯೋ ಗುಂಪಿನ ಅಧ್ಯಕ್ಷರೇ. ಸರಿಯಾಗಿ ಆರಕ್ಕೇ ದೂರದ ದೇಶಗಳ ಕರೆಗಳು ಮುಗಿಬಿದ್ದವು. "ಗಾಳಿ ಜೋರಾಗಿದೆ, ಆಂಟೆನಾ ಹಗ್ಗ ಹಿಡ್ಕೊಂಡಿರಿ, ಐದೇ ನಿಮಿಷ" ಎಂದು ನನ್ನನ್ನು ಹೊರಗಟ್ಟಿ ಅಧ್ಯಕ್ಷರೇ ಕುರ್ಚಿ ಹಿಡಿದರು. ಒಂದೂವರೆ ಗಂಟೆ ನಿಂತೆ. ಅಂಗೈ ಸುಲಿದಿದೆ.

ಒಳಗೆ ಬಂದು, ಮಾತಾಡಿದವರನ್ನೆಲ್ಲ ಬರೆದಿಡುವ ಲಾಗ್ ಪುಸ್ತಕ ನೋಡಿದರೆ, ಆರು ನಲವತ್ತಕ್ಕೆ ನನ್ನ ಹೆಂಡತಿಯ ಕರೆಸಂಕೇತ, ಲೈಸೆನ್ಸಿನ ಜೊತೆ ಕೊಡುವ ಗುರುತು. ಇಪ್ಪತ್ತು ವರ್ಷ ನನ್ನ ರೇಡಿಯೋವನ್ನು ಸವತಿ ಎಂದು ಬೈದವಳು, ಇಲ್ಲಿಗೆ ಕರೆ ಮಾಡಲೆಂದೇ ಆರು ತಿಂಗಳು ಓದಿ ಲೈಸೆನ್ಸ್ ಪಡೆದಿದ್ದಳು. ನನ್ನ ಸರದಿಯ ಹೊತ್ತು ಕೇಳಿಟ್ಟುಕೊಂಡಿದ್ದಳು. ಅವಳ ಜೀವನದ ಮೊದಲ ಕರೆ ಅದು.

"ನಿಮ್ಮ ಮನೆಯವರಾ? ಗೊತ್ತೇ ಆಗ್ಲಿಲ್ಲ ನೋಡಿ" ಎಂದರು ಅಧ್ಯಕ್ಷರು. ಈಗ ನಾನು ಕರೆಯುತ್ತೇನೆ ಎಂದೆ. "ಒಂದ್ಸಲ ಲಾಗ್‌ಗೆ ಬಂದವರನ್ನ ಮತ್ತೆ ಕರೆಯೋ ಹಾಗಿಲ್ಲ. ಎಷ್ಟು ಜನ ಕಾಯ್ತಿದ್ದಾರೆ!" ನಿಯಮ ಸರಿಯೇ. ನಮ್ಮ ಗುಂಪಿಗೆ ಅದನ್ನು ಬರೆದುಕೊಟ್ಟ ಮಹಾನುಭಾವ ನಾನೇ. ಥೂ.

ದೋಣಿಕಟ್ಟೆಗೆ ಹೋಗಿ ಫೋನ್ ಮಾಡಿದೆ.

"ಊಟ ಆಯ್ತಾ ಅಂತ ಕೇಳಿದ್ರೆ 'ಥ್ಯಾಂಕ್ಯೂ, ಮುಂದಿನವರು' ಅಂದ್ಬಿಟ್ರಲ್ಲ" ಎಂದಳು.

"ಅದು ನಾನಲ್ಲ ಕಣೇ, ಅಧ್ಯಕ್ಷರು. ದನಿ ಗುರುತು ಸಿಗಲಿಲ್ವಾ?"

"ದನಿ ಬೇರೆ ಅನ್ನಿಸ್ತು. ಆದ್ರೆ ಮನೇಲೂ ನೀವು ಹಾಗೇ ಅಲ್ವಾ ಮಾತಾಡೋದು?"

ಅಧ್ಯಕ್ಷರನ್ನು ಬೈದು ಇನ್ನೊಂದು ಪುಟ ತುಂಬಿಸಬೇಕೆಂದು ಕೂತಿದ್ದೆ. ಈಗ ಯಾರನ್ನು ಬೈಯಲಿ?