ಕೊನೆಯ ರೀಲು ಓಡಿಸಿದ್ದಕ್ಕೆ

ಟಾಕೀಸಿನ ಆಪರೇಟರಣ್ಣನವರಿಗೆ ಕೈಯೆತ್ತಿ ಮುಗಿಯುತ್ತೇನೆ!

ಅಂತೂ ಹೋದ ಜೀವ ಬಂತು. ಬೇಗ ಮನೆ ಸೇರಲೆಂದು ನೀವು ವಾರವಿಡೀ ನಮ್ಮ ಸಿನಿಮಾದ ಕೊನೆಯ ರೀಲನ್ನು ಓಡಿಸಲೇ ಇಲ್ಲ. ಕೊಲೆಗಡುಕರ ಗ್ಯಾಂಗಿನೊಳಗೆ ಸೇರಿಕೊಂಡ ನನ್ನ ಪಾತ್ರ ಮಾರುವೇಷದ ಪೊಲೀಸನೆಂದು ಬಯಲಾಗುವುದೇ ಅದರಲ್ಲಿ! ಅದನ್ನು ನೋಡದ ನನ್ನ ಭಾವೀ ಅತ್ತೆ, "ಸಿನಿಮಾದಲ್ಲೇ ಆಗ್ಲಿ, ಕೊಲೆಗಡುಕ ಕೊಲೆಗಡುಕನೇ! ಮಗಳನ್ನ ಕೊಡಲ್ಲ" ಎಂದು ನಿಶ್ಚಯವಾಗಿದ್ದ ಮದುವೆಯನ್ನೇ ಮುರಿದಿದ್ದರು.

ನಿನ್ನೆ ನನ್ನ ಗೋಗರೆತಕ್ಕೆ ಕರಗಿ ಆ ರೀಲು ಓಡಿಸಿದಿರಿ; ಅತ್ತೆಯನ್ನೂ ಕಾಡಿ ಬೇಡಿ ಮತ್ತೆ ಕರೆತಂದಿದ್ದೆ. ಪರದೆಯ ಮೇಲೆ ನಾನು ಬೂಟಿನೊಳಗಿಂದ ಪೊಲೀಸ್ ಬಿಲ್ಲೆ ತೆಗೆದು ತೋರಿಸಿದ್ದೇ ತಡ, ಅತ್ತೆ ಬೆಂಚು ಹತ್ತಿ ಗುಡುಗಿದರು: "ನಮ್ಮ ಅಳಿಯಂದ್ರು ಕಣ್ರೋ! ಶಿಳ್ಳೆ ಹೊಡೀರೋ!"

ಮದುವೆ ಮತ್ತೆ ಕುದುರಿದೆ. ಒಂದೇ ಬೇಡಿಕೆ, ಇವತ್ತೂ ಪೂರ್ತಿ ಓಡಿಸಿ. ಹುಡುಗಿಯ ಸೋದರಮಾವ ನೋಡಲು ಬರುತ್ತಿದ್ದಾರೆ. ಅವರು ನಿಜವಾದ ಪೊಲೀಸು!

ನಿಮ್ಮ ದಯೆಯಿಂದ ಮದುಮಗನಾಗಲಿರುವ
ಸೈಡ್ ಹೀರೋ