ಅವಳ ಎಡಗೈಯಲ್ಲಿದ್ದ ನಾನು

ಮಾರ್ಚ್ ೯, ಸೋಮವಾರ

ಹೆಂಡತಿಯ ಎಡಗೈ ಕಣ್ಣಿಂದ ಮರೆಯಾಗುತ್ತಿಲ್ಲ.

ಮುದ್ರಣಾಲಯದ ಯಂತ್ರ ಕೆಟ್ಟು ಸಂಜೆ ಪಾಳಿ ರದ್ದಾಯಿತು. ಮನೆಗೆ ಬಂದರೆ ಅವಳು ಅದೇ ವಿಡಿಯೋ ಗೇಮ್ ಮುಂದೆ ಕೂತಿದ್ದಳು. ಒಂಬತ್ತು ವರ್ಷದ ಹಿಂದೆ ನಾನೇ ತಂದದ್ದು, ಇಬ್ಬರು ಸೇರಿ ಆಡುವ ಆಟ. ಒಂದು ವಾರ ಆಡಿ ನಾನು ಕೈಬಿಟ್ಟೆ. "ಮುಗಿಸಿದ್ದನ್ನೇ ಎಷ್ಟು ಸಲ ಆಡ್ತೀಯೇ, ಬೇಜಾರಾಗಲ್ವಾ?" ಎಂದು ಗೇಲಿ ಬೇರೆ. ಇಬ್ಬರ ಆಟವನ್ನು ಒಬ್ಬಳೇ ಹೇಗೆ ಆಡುತ್ತಾಳೆಂದು ಒಮ್ಮೆಯೂ ಕೇಳಲಿಲ್ಲ.

ಇವತ್ತು "ನಾನೂ ಬರ್ಲಾ?" ಎಂದೆ. ಅವಳ ಮುಖ ಅರಳಿತು. ತೊಡೆಯ ಮೇಲಿದ್ದ ಎರಡನೇ ರಿಮೋಟ್ ಕೊಟ್ಟಳು. ಪರದೆಯ ಮೇಲಿನ ಸೇತುವೆಯ ಹತ್ತಿರ ನನ್ನ ಗೊಂಬೆ ಹಲಗೆಯನ್ನು ಹಿಡಿದು ನಿಲ್ಲಬೇಕು, ಅವಳದು ದಾಟಬೇಕು. ಹನ್ನೊಂದು ಸಲ ಅವಳನ್ನು ನೀರಿಗೆ ಬೀಳಿಸಿದೆ. ಅವಳು ಗೊಣಗಲಿಲ್ಲ.

ಕೊನೆಗೆ, "ಕೊಡಿ ಇಲ್ಲಿ, ಇದೊಂದು ಜಾಗ ದಾಟಿಸಿಬಿಡ್ತೀನಿ" ಎಂದು ನನ್ನ ರಿಮೋಟನ್ನು ಎಡಗೈಗೆ ತೆಗೆದುಕೊಂಡಳು. ಆ ಕೈಯ ಕಡೆಗೆ ನೋಡಲೂ ಇಲ್ಲ. ನನ್ನ ಗೊಂಬೆ ಅಲುಗದೆ ಹಲಗೆ ಹಿಡಿದು ನಿಂತಿತು. ಅವಳದು ಆರಾಮವಾಗಿ ದಾಟಿತು.

ಒಂಬತ್ತು ವರ್ಷ ನನ್ನ ಪಾಲನ್ನು ಆ ಕೈಯೇ ಆಡಿದೆ, ನನಗಿಂತ ಚೆನ್ನಾಗಿ.

ಯಂತ್ರ ನಾಳೆಗೆ ಸರಿಹೋಗುತ್ತದೆ ಎಂದಿದ್ದಾನೆ ಮೆಕ್ಯಾನಿಕ್. ಸರಿಹೋಗದಿದ್ದರೆ ಸಂಜೆ ಆ ಹಲಗೆ ಹಿಡಿಯುವುದನ್ನು ಅವಳಿಂದಲೇ ಕಲಿಯಬೇಕು.