ಪ್ಲಾಸ್ಟಿಕ್ ತೆಗೆಯದ ಹಾಸಿಗೆ

ಹಿಂದಿನ ಬೀದಿ, ನಮ್ಮ ಮನೆ
ಒಂಬತ್ತನೇ ತಾರೀಖು, ಬುಧವಾರ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಮಂಡಿ ಹೇಗಿದೆ? ದಿನವಿಡೀ ಮಂಡಿಯೂರಿ ಟೈಲ್ಸ್ ಕೂರಿಸುವವನು ಸಂಜೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಬೇಕು ಎಂದು ಹೋದ ಸಲವೂ ಬರೆದಿದ್ದೆ. ನೀನು ಕೊಟ್ಟುಕೊಂಡಿರುವುದಿಲ್ಲ, ನಿನ್ನಪ್ಪನ ಮಗನಲ್ಲವೇ. ನನ್ನ ಸೊಸೆ, ನಮ್ಮ ಮಾತಿನಮಲ್ಲಿ ಹೇಗಿದ್ದಾಳೆ? ಎಂಟು ತಿಂಗಳು ತುಂಬುತ್ತಾ ಬಂತು. ಕಾಲು ಊದಿಕೊಂಡರೆ ದಿಂಬಿನ ಮೇಲೆ ಎತ್ತಿಟ್ಟುಕೊಂಡು ಮಲಗಲಿ, ಮಲಗಿಕೊಂಡೇ ಬೇಕಾದಷ್ಟು ಮಾತಾಡಲಿ, ಅದಕ್ಕೇನೂ ಅಡ್ಡಿಯಿಲ್ಲ. ಗೋಡೆಯಾಚೆಯ ಕೋಣೆಯ ಉದ್ದಣ್ಣನ ಕೆಮ್ಮು ನಿಂತಿತೇ? ‘ಅವರು ಕೆಮ್ಮಿದ್ರೆ ನಮ್ಮ ಪಾತ್ರೆ ಅಲುಗುತ್ತೆ ಅತ್ತೆ’ ಎಂದು ಅವಳು ನಿನ್ನ ಕೈಯಲ್ಲಿ ಬರೆಸಿದ್ದಳಲ್ಲ, ಅದನ್ನು ಓದಿ ಒಬ್ಬಳೇ ಕೂತು ನಕ್ಕಿದ್ದೇನೆ. ನಾನು ಚೆನ್ನಾಗಿದ್ದೇನೆ. ಇದನ್ನು ಸುಳ್ಳೆಂದು ತಿಳಿಯಬೇಡ. ಚೆನ್ನಾಗಿದ್ದೇನೆ ಎಂಬ ಮಾತನ್ನು ಈಚೆಗೆ ಒಂದು ಕಡೆ ಆಡಿ ಕೆಟ್ಟಿದ್ದೇನೆ, ಆ ಕಥೆ ಮುಂದೆ ಬರುತ್ತದೆ. ನಿನಗೆ ಹೇಳುವಾಗ ಮಾತ್ರ ಅದು ನಿಜ.

ನಿನ್ನ ಕಾಗದ ಬಂತು. ಪೇಪರಿನಲ್ಲಿ ನನ್ನ ಫೋಟೊ ನೋಡಿ ನೀನು ಕೆಲಸದ ಜಾಗದಲ್ಲಿ ಎಲ್ಲರಿಗೂ ತೋರಿಸಿದೆ, ಮೇಸ್ತ್ರಿ ಅದನ್ನು ಗೋಡೆಗೆ ಅಂಟಿಸಿದ, ‘ನಿಮ್ಮ ಕಡೆಗೂ ಆಸ್ಪತ್ರೆ ಬಂತಲ್ಲಯ್ಯಾ, ಇನ್ನೇನು ನಿಮಗೆ ಅಳು’ ಅಂದ ಎಂದು ಬರೆದಿದ್ದೀಯ. ಹೊಳೆಯಾಚೆ ನಿಮ್ಮಲ್ಲಿಯ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯವಳೂ ಅದನ್ನೇ ಅಂದಳಂತೆ: ‘ಆಚೆ ದಡದವರಿಗೆ ಆಚೆ ದಡದಲ್ಲೇ ಆಯ್ತಲ್ಲ, ಇಲ್ಲಿ ಯಾಕೆ ಬರ್ತೀರಿ.’ ಅದಕ್ಕೇ ಮುಂದಿನ ವಾರ ಮಾತಿನಮಲ್ಲಿಯನ್ನು ಬಸ್ಸು ಹತ್ತಿಸುತ್ತೇನೆ, ಹೆರಿಗೆ ನಮ್ಮೂರ ಹೊಸ ಆಸ್ಪತ್ರೆಯಲ್ಲೇ ಆಗಲಿ ಎಂದು ನೀನು ಸಂತೋಷದಿಂದ ಬರೆದಿದ್ದೀಯ. ಮಗಾ, ಆ ಸಂತೋಷವನ್ನು ಓದಿದ ಕೂಡಲೇ ಒಲೆಯ ಮೇಲಿದ್ದುದನ್ನು ಇಳಿಸಿಟ್ಟು ಪೆನ್ನು ಹುಡುಕಿದೆ. ಅಂಗಡಿಯವನ ಫೋನಿನಲ್ಲಿ ಹತ್ತು ಜನ ಕಿವಿಗೊಟ್ಟು ನಿಂತಿರುವಾಗ ಇದನ್ನೆಲ್ಲ ಹೇಳಲಾಗುವುದಿಲ್ಲ. ಕೂತು ಬರೆದು ಬಸ್ಸಿನ ಡ್ರೈವರನ ಕೈಯಲ್ಲಿ ಕೊಡುತ್ತೇನೆ, ನಾಳೆಯೇ ನಿನಗೆ ಮುಟ್ಟುತ್ತದೆ. ಬಸ್ಸಿನ ಬೋರ್ಡು ಓದುತ್ತಾ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ನಮ್ಮೂರ ಆಸ್ಪತ್ರೆಯ ಕಟ್ಟಡ ನಿನಗೆ ಗೊತ್ತು. ನೀನು ಹೊಳೆ ದಾಟಿ ಕೆಲಸಕ್ಕೆ ಹೋಗುವ ಮೊದಲೇ ಅದರ ಗೋಡೆ ಎದ್ದಿತ್ತು. ವೋಟಿನಲ್ಲಿ ಗೆದ್ದು ಒಬ್ಬ ಬಂದು ಅಡಿಗಲ್ಲು ಹಾಕಿದ, ಇನ್ನೊಬ್ಬ ಗೆದ್ದು ಬಂದು ಚಾವಣಿ ಹಾಕಿದ, ಮೊದಲಿನವನೇ ಮತ್ತೆ ಗೆದ್ದು ಬಂದು ಬಣ್ಣ ಹೊಡೆಸಿದ. ಒಳಗೆ ಇದ್ದದ್ದು ಒಂದು ಬೆಂಚು, ಒಬ್ಬ ಕಂಪೌಂಡರ್, ಅವನ ಹತ್ತಿರ ತಲೆನೋವಿಗೂ ಹೊಟ್ಟೆನೋವಿಗೂ ಕೊಡುವ ಒಂದೇ ಬಿಳಿ ಮಾತ್ರೆ. ನಮ್ಮ ದಡದ ಕಲ್ಲುಗಣಿಯ ಕಲ್ಲು ಸೇತುವೆ ದಾಟಿ ಹೋಗಿ ಅಲ್ಲಿ ಆಸ್ಪತ್ರೆಯಾಗುತ್ತದೆ, ನಮ್ಮ ದಡದ ಹುಡುಗರು ಸೇತುವೆ ದಾಟಿ ಹೋಗಿ ಅದಕ್ಕೆ ಟೈಲ್ಸ್ ಹಾಕುತ್ತಾರೆ. ಹೊಳೆಯ ನೀರನ್ನೆತ್ತುವ ಪಂಪು ನಮ್ಮ ದಡದಲ್ಲೇ ಇದೆ, ಪೈಪು ಮಾತ್ರ ಆಚೆಗೆ ಹೋಗುತ್ತದೆ. ನಮ್ಮ ಬೀದಿ ನಲ್ಲಿಗೆ ನೀರು ಬರುವುದು ಅದಕ್ಕೆ ಮನಸ್ಸು ಬಂದ ದಿನ. ಇದನ್ನೆಲ್ಲ ನಿನಗೆ ನಾನು ಹೇಳಬೇಕೇ? ಹೇಳುತ್ತಿರುವುದು ಯಾಕೆಂದರೆ, ಇಷ್ಟೆಲ್ಲ ಗೊತ್ತಿದ್ದೂ ನಾವು ಅವತ್ತು ನಂಬಿದೆವು.

ಆ ಫೋಟೊ ತೆಗೆದ ದಿನ ಬೆಳಿಗ್ಗೆ ಎರಡು ಲಾರಿ ಬಂದವು. ಇಳಿಸಿದ್ದು ಮಂಚಗಳು! ಕಾಲಿಗೆ ಚಕ್ರ, ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಹಾಗೆ ಒಂದು ಹಿಡಿ. ಒಂದು ಹೆರಿಗೆ ಮಂಚವೂ ಇತ್ತು, ಮಗುವನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯೂ ಇತ್ತು. ಬೀದಿಯ ಹೆಂಗಸರೆಲ್ಲ ಆ ಪೆಟ್ಟಿಗೆಯ ಸುತ್ತ ನಿಂತು ಅದರೊಳಗೆ ನಿಜವಾಗಿಯೂ ಮಗು ಇದೆಯೇನೋ ಎಂಬಂತೆ ಪಿಸುದನಿಯಲ್ಲಿ ಮಾತಾಡಿದರು. ಹಿಂದೆಯೇ ಒಬ್ಬ ಅಧಿಕಾರಿ ಬಂದ. ಕತ್ತು ಒರೆಸಿಕೊಳ್ಳುವುದೇ ಅವನ ನೌಕರಿ ಎನ್ನುವ ಹಾಗೆ ಕೈಯಲ್ಲಿ ಸದಾ ಕರವಸ್ತ್ರ, ನಾವು ಅವನಿಗೆ ಕರವಸ್ತ್ರದಯ್ಯ ಎಂದೇ ಹೆಸರಿಟ್ಟೆವು. ಮಧ್ಯಾಹ್ನ ಮಂತ್ರಿಗಳು ಉದ್ಘಾಟನೆಗೆ ಬರುತ್ತಾರೆ, ಖಾಲಿ ಮಂಚ ಚೆನ್ನಾಗಿ ಕಾಣುವುದಿಲ್ಲ, ವಯಸ್ಸಾದವರು ಬಂದು ಸ್ವಲ್ಪ ಹೊತ್ತು ಮಲಗಿ ಎಂದ. ‘ಡಾಕ್ಟರ್ ನಾಳೆಯಿಂದ ಬರ್ತಾರೆ, ಇವತ್ತು ನೀವೇ ಉದ್ಘಾಟನೆ ಮಾಡಿದ ಹಾಗೆ.’ ನಮ್ಮ ದರ್ಜಿ ಗೊತ್ತಲ್ಲ, ನಿನ್ನ ಸ್ಕೂಲಿನ ಚಡ್ಡಿಗೆಲ್ಲ ಅವನದೇ ತೇಪೆ, ‘ನಾನು ನಿಜವಾದ ರೋಗೀನೇ ಸ್ವಾಮಿ, ನನಗೆ ಆಕ್ಟಿಂಗ್ ಹೇಳ್ಕೊಡ್ಬೇಡಿ’ ಎಂದು ಮೊದಲ ಮಂಚ ಹಿಡಿದ. ನಮಗೆಲ್ಲ ಹಸಿರು ಅಂಗಿ ಕೊಟ್ಟರು. ನನ್ನ ಪಕ್ಕದ ಮಂಚದಲ್ಲಿ ಪಕ್ಕದ ಮನೆಯ ಅಕ್ಕ. ಹಾಸಿಗೆಯ ಪ್ಲಾಸ್ಟಿಕ್ ತೆಗೆದಿರಲಿಲ್ಲ, ಅದರ ಮೇಲೆಯೇ ದುಪ್ಪಟಿ ಹೊದಿಸಿದ್ದರು. ಯಾರು ಮಗ್ಗುಲಾದರೂ ಚರಚರ ಸದ್ದು.

ಮಂತ್ರಿ ನಮ್ಮ ದಡದವನೇ. ಗೆದ್ದ ಮೇಲೆ ಮನೆ ಆಚೆ ದಡದಲ್ಲಿ ಕಟ್ಟಿಸಿದ, ಅಷ್ಟೇ ವ್ಯತ್ಯಾಸ. ಕ್ಯಾಮರಾದವರು ಮುಂದೆ ಹಿಂದೆ ಓಡುತ್ತಿದ್ದರು. ಅವನು ನನ್ನ ಕೈ ಹಿಡಿದುಕೊಂಡು, ಮುಖವನ್ನು ಕ್ಯಾಮರಾ ಕಡೆಗಿಟ್ಟು, ‘ಹೇಗಿದೀರಮ್ಮಾ?’ ಅಂದ. ‘ಚೆನ್ನಾಗಿದೀನಪ್ಪಾ’ ಅಂದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ಚೆನ್ನಾಗಿದ್ದೇನೆ ಎಂದವಳು ನಾನೊಬ್ಬಳೇ ಇರಬೇಕು. ಹೊರಗೆ ಮೈಕಿನಲ್ಲಿ ಅವನು, ಇನ್ನು ಮುಂದೆ ಆ ದಡ ಈ ದಡ ಎಂಬ ಭೇದವೇ ಇಲ್ಲ, ಯಾವ ತಾಯಿಯೂ ಇನ್ನು ಹೆರಿಗೆಗಾಗಿ ಸೇತುವೆ ದಾಟಬೇಕಾಗಿಲ್ಲ ಅಂದ. ಆ ಮಾತಿಗೆ ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನಿನಗೆ ಬರೆದಿರಲಿಲ್ಲ ಮಗಾ, ನಿಮ್ಮಿಬ್ಬರಿಗೂ ಈ ಹೊತ್ತಿನಲ್ಲಿ ಬೇಡವೆಂದು ಸುಮ್ಮನಿದ್ದೆ. ಅವಳ ಮಗಳನ್ನು ಕಳೆದ ಮಳೆಗಾಲದಲ್ಲಿ ತರಕಾರಿ ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ಸೇತುವೆಯ ಈಚೆಗೇ ಹೆರಿಗೆಯಾಯಿತು. ಹುಡುಗಿ ಉಳಿದಳು, ಕೂಸು ಉಳಿಯಲಿಲ್ಲ. ಸೇತುವೆಯ ಆಚೆ ತುದಿಯಲ್ಲಿ ನಿಮ್ಮ ಆಸ್ಪತ್ರೆಯ ದೀಪಗಳು ಕಾಣುತ್ತಿದ್ದವಂತೆ.

ಮಂತ್ರಿಯ ಕಾರು ಹೋದ ಧೂಳು ಇಳಿಯುವ ಮೊದಲೇ ಲಾರಿಯವರು ಒಳಗೆ ಬಂದರು. ಕರವಸ್ತ್ರದಯ್ಯ ಅವರಿಗೆ, ‘ನಿಧಾನ ಕಣ್ರೋ, ಪ್ಲಾಸ್ಟಿಕ್ ಹರೀಬಾರ್ದು, ನಾಳೆ ಇನ್ನೊಂದೂರಲ್ಲಿ ಉದ್ಘಾಟನೆ ಇದೆ’ ಅಂದ. ನಮ್ಮ ಎದುರಿಗೇ ಅಂದ, ನಾವೂ ಮಂಚದ ಜೊತೆ ಬಂದ ಸಾಮಾನೇನೋ ಎನ್ನುವ ಹಾಗೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದರ್ಜಿ ದುಪ್ಪಟಿಯನ್ನು ಗಲ್ಲದವರೆಗೂ ಎಳೆದುಕೊಂಡು, ‘ನನಗೆ ಜ್ವರ ಇದೆ, ಡಾಕ್ಟರ್ ಬರೋವರೆಗೂ ಏಳಲ್ಲ’ ಅಂದ. ನಾವೆಲ್ಲ ಹಾಗೆಯೇ ಅಂದೆವು. ಏಳಲಿಲ್ಲ ಕಣೋ! ಮನುಷ್ಯರು ಮಲಗಿರುವ ಮಂಚವನ್ನು ಲಾರಿಗೆ ಹಾಕುತ್ತೀರೇನು, ಹಾಕಿ ನೋಡೋಣ ಎಂದು ನಾನೂ ಕೂಗಿದೆ. ಹೊರಗಿದ್ದವರು ಬಾಗಿಲಿಗೆ ಅಡ್ಡ ನಿಂತರು. ನಿನ್ನ ಅಮ್ಮನಿಗೆ ಅಷ್ಟು ಗಂಟಲಿದೆ ಎಂದು ಬೀದಿಗೆ ಗೊತ್ತಾದದ್ದು ಅವತ್ತು. ಕರವಸ್ತ್ರದಯ್ಯ ಬೈದ, ಬೇಡಿದ, ಪೊಲೀಸರನ್ನು ಕರೆಸುತ್ತೇನೆ ಅಂದ. ‘ಕರ್ಸಿ ಕರ್ಸಿ, ಅವರಿಗೂ ಒಂದು ಮಂಚ ಕೊಡೋಣ, ಪಾಪ ನಿಂತೂ ನಿಂತೂ ಸಾಕಾಗಿರುತ್ತೆ’ ಅಂದ ದರ್ಜಿ. ನಾವು ನಕ್ಕೆವು. ಚರಚರ ಅನ್ನುವ ಹಾಸಿಗೆಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೆದ್ದೆವು ಅಂದುಕೊಂಡಿದ್ದೆವು.

ಅವನು ಹೊರಗೆ ಹೋಗಿ ಫೋನಿನಲ್ಲಿ ಯಾರಿಗೋ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಬೀದಿಯಿಂದ ಕೂಗು: ‘ನೀರು ಬಂತು! ನಲ್ಲಿ ಬಂತು!’

ಬಾಗಿಲಿಗೆ ಅಡ್ಡ ನಿಂತವರು ಮೊದಲು ಓಡಿದರು. ಆಮೇಲೆ ನಾವು. ಯಾರೂ ಯೋಚಿಸಲಿಲ್ಲ. ಆ ಕೂಗು ಕೇಳಿದರೆ ನಮ್ಮ ಬೀದಿಯಲ್ಲಿ ಬುದ್ಧಿಗಿಂತ ಮೊದಲು ಕಾಲು ಏಳುತ್ತದೆ, ನೀನೂ ಹಾಗೇ ಬೆಳೆದವನು, ಪುಸ್ತಕ ಬಿಸಾಕಿ ಕೊಡ ಹಿಡಿದವನು. ಮನೆಯಲ್ಲಿ ಹಂಡೆ ಖಾಲಿಯಾಗಿ ವಾರವಾಗಿತ್ತು. ದರ್ಜಿ ತನ್ನ ಜ್ವರವನ್ನು ಮಂಚದ ಮೇಲೆಯೇ ಬಿಟ್ಟು ಓಡಿದ. ಹಸಿರು ಅಂಗಿಯಲ್ಲಿ ನಾವು ಮುದುಕ ಮುದುಕಿಯರು ಕೊಡ ಹಿಡಿದು ಸಾಲಿನಲ್ಲಿ ನಿಂತದ್ದನ್ನು ಯಾವ ಕ್ಯಾಮರಾದವನೂ ತೆಗೆಯಲಿಲ್ಲ ನೋಡು. ನಾನು ನನಗೊಂದು ತುಂಬಿಕೊಂಡು ಅಕ್ಕನಿಗೂ ಒಂದು ಕೊಡ ತುಂಬುತ್ತಿದ್ದೆ. ಅರ್ಧಕ್ಕೆ ನೀರು ನಿಂತಿತು. ತಲೆಯೆತ್ತಿ ನೋಡಿದರೆ ಸಾಲಿನಲ್ಲಿ ಅಕ್ಕ ಇರಲಿಲ್ಲ. ಅಷ್ಟರಲ್ಲಿ ಲಾರಿಗಳು ಹೊರಟ ಸದ್ದು.

ನೀರು ಬಿಡುವವನನ್ನು ಅಲ್ಲೇ ಹಿಡಿದುಕೊಂಡೆವು. ‘ಯಾಕಯ್ಯಾ, ಇವತ್ತು ನಮ್ಮ ಸರದಿ ಅಲ್ವಲ್ಲ?’ ಎಂದರೆ ಅವನು, ‘ಫೋನ್ ಬಂತು, ಬಿಟ್ಟೆ. ಫೋನ್ ಬಂತು, ನಿಲ್ಸಿದೆ. ನನ್ನ ಕೈಗೆ ತಿರುಗಿಸೋ ಚಕ್ರ ಕೊಟ್ಟಿದಾರೆ ಅಮ್ಮಾ, ನೀರು ಕೊಟ್ಟಿಲ್ಲ’ ಅಂದ. ಅವನನ್ನು ಬೈದು ಏನು ಬಂತು.

ಆಸ್ಪತ್ರೆಗೆ ಹಿಂದಿರುಗಿ ಓಡಿದೆವು. ಖಾಲಿ ಹಾಲ್, ನೆಲದ ಮೇಲೆ ಚಕ್ರದ ಗೆರೆಗಳು, ಗೋಡೆಯ ಪಕ್ಕದಲ್ಲಿ ಅಕ್ಕ. ನಲ್ಲಿ ಬಂತೆಂಬ ಕೂಗಿಗೆ ಏಳದೆ ಉಳಿದವಳು ಇಡೀ ಬೀದಿಯಲ್ಲಿ ಅವಳೊಬ್ಬಳೇ. ನಾಲ್ಕು ಜನ ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಅವಳನ್ನು ಎತ್ತಿ ನೆಲಕ್ಕಿಟ್ಟರಂತೆ. ಬೈಯಲಿಲ್ಲವಂತೆ, ಗದರಲಿಲ್ಲವಂತೆ, ‘ಸ್ವಲ್ಪ ಅಮ್ಮಾ, ಸ್ವಲ್ಪ’ ಎಂದು ತುಂಬ ಮರ್ಯಾದೆಯಿಂದ ಇಟ್ಟರಂತೆ. ಅವಳು ದುಪ್ಪಟಿಯನ್ನು ಮಾತ್ರ ಬಿಟ್ಟಿರಲಿಲ್ಲ. ನಾನು ಅವಳಿಗಾಗಿ ತುಂಬಿದ ಅರ್ಧ ಕೊಡವನ್ನು ಮುಂದಿಟ್ಟೆ. ಅವಳು ಕೊಡ ನೋಡಿದಳು, ನನ್ನನ್ನು ನೋಡಿದಳು, ‘ನೀವೆಲ್ಲಾ ಇದ್ದಿದ್ರೆ ಇಷ್ಟೂ ದುಪ್ಪಟಿ ಎತ್ತೋಕೆ ಜನ ಸಾಲ್ತಿರ್ಲಿಲ್ಲ ಕಣೇ ಅವರಿಗೆ’ ಅಂದಳು. ಅಷ್ಟೇ ಅಂದಳು. ಅವತ್ತಿನಿಂದ ನನ್ನ ಜೊತೆ ಮಾತಾಡುತ್ತಾಳೆ, ಮೊದಲಿನ ಹಾಗೆ ಅಲ್ಲ.

ಈಗ ಅಲ್ಲಿ ಮತ್ತೆ ಅದೇ ಬೆಂಚು, ಅದೇ ಕಂಪೌಂಡರ್, ಅದೇ ಬಿಳಿ ಮಾತ್ರೆ. ಬಾಗಿಲಿಗೆ ಕಟ್ಟಿದ ರಿಬ್ಬನ್ ಹಾಗೇ ತೂಗಾಡುತ್ತಿದೆ. ಮುಂದಿನ ಸಲ ಯಾರಿಗೆ ವೋಟು ಎಂದು ಕೇಳಿದವರಿಗೆ ದರ್ಜಿ, ‘ಮಂಚಕ್ಕೇ ಹಾಕೋಣ, ಅದಾದ್ರೂ ಅರ್ಧ ದಿನ ನಮ್ಮ ಜೊತೆ ಇತ್ತು’ ಎನ್ನುತ್ತಾನೆ. ಮೊದಲಾದರೆ ಎರಡು ಪಕ್ಷದವರೂ ಅವನ ಅಂಗಡಿಯ ಮುಂದೆ ಕಿತ್ತಾಡುತ್ತಿದ್ದರು. ಈಗ ಯಾರೂ ಬಾಯಿ ತೆರೆಯುವುದಿಲ್ಲ. ಬೈದಾಡುತ್ತಿದ್ದ ಕಾಲದಲ್ಲಿ ಒಳಗೆಲ್ಲೋ ಒಂದಿಷ್ಟು ಆಸೆ ಇತ್ತೆಂದು ಈಗ ಅನಿಸುತ್ತದೆ. ನನ್ನ ಫೋಟೊ ಮಾತ್ರ ಊರೂರು ತಿರುಗುತ್ತಿದೆ. ಅದರಲ್ಲಿ ನಾನು ನಗುತ್ತಿದ್ದೇನೆ, ಅಲ್ಲವೇ? ಆ ನಗು ಮಂತ್ರಿಗೆ ಕೊಟ್ಟದ್ದಲ್ಲ ಮಗಾ. ಇನ್ನೆರಡು ತಿಂಗಳಿಗೆ ನಮ್ಮ ಮಾತಿನಮಲ್ಲಿ ಇದೇ ಮಂಚದ ಮೇಲೆ ಮಲಗಿ, ನೋವಿನ ನಡುವೆಯೂ ನರ್ಸಿಗೆ ಕಥೆ ಹೇಳುತ್ತಿರುತ್ತಾಳೆ ಎಂದುಕೊಂಡು ನಕ್ಕದ್ದು. ಆ ನಗುವನ್ನೇ ಹಿಡಿದುಕೊಂಡು ಕಿಟಕಿಯವಳು ಅವಳನ್ನು ಹಿಂದಕ್ಕೆ ಕಳಿಸುತ್ತಿದ್ದಾಳೆ.

ಅವಳಿಗೆ ನನ್ನ ಮುತ್ತು, ನಿನ್ನ ಮಂಡಿಗೆ ನನ್ನ ಬೈಗುಳ, ಉದ್ದಣ್ಣನ ಎದೆಗೆ ಒಳ್ಳೆಯದಾಗಲಿ ಎಂಬ ಹಾರೈಕೆ. ಹೊಟ್ಟೆಯಲ್ಲಿರುವ ನಮ್ಮ ಕೂಸು ಯಾವ ದಡದ್ದೆಂದು ಯಾರೂ ಕೇಳದ ಹಾಗೆ ಬಾಳಲಿ.

ನಿನ್ನ
ಅಮ್ಮ

ಮರೆತಿದ್ದೆ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವಳನ್ನು ಬಸ್ಸು ಹತ್ತಿಸಬೇಡ. ಏನಾದರೂ ಆಗಲಿ, ಹತ್ತಿಸಬೇಡ. ಶನಿವಾರದ ಬಸ್ಸಿಗೆ ಈ ಕಡೆಯಿಂದ ನಾನೇ ಹತ್ತುತ್ತೇನೆ, ನಿಮ್ಮ ಒಲೆಯ ಪಕ್ಕದಲ್ಲಿ ಮಲಗುತ್ತೇನೆ. ಮೇಸ್ತ್ರಿ ಗೋಡೆಗೆ ಅಂಟಿಸಿದ ಪೇಪರನ್ನು ಹರಿಯದ ಹಾಗೆ ಕಿತ್ತು ಇಟ್ಟುಕೊಂಡಿರು. ಅದನ್ನು ಹಿಡಿದುಕೊಂಡು ಆ ಕಿಟಕಿಯ ಮುಂದೆ ನಿಲ್ಲುತ್ತೇನೆ. ಇದರಲ್ಲಿರುವವಳು ನಾನೇ, ನಾನು ಮಲಗಿದ್ದ ಮಂಚ ಎಲ್ಲಿದೆ ತೋರಿಸಿ ಎಂದು ಅವಳನ್ನೇ ಕೇಳುತ್ತೇನೆ. ಅಷ್ಟರೊಳಗೆ ಮಾತಿನಮಲ್ಲಿಗೆ ನೋವು ಬಂದುಬಿಟ್ಟರೆ ನನಗಾಗಿ ಕಾಯಬೇಡ. ನೀನೇ ಮಂಡಿಯೂರಿ ನೆಲ ಹಾಸಿದ ಆಸ್ಪತ್ರೆ ಅದು, ಕರೆದುಕೊಂಡು ಹೋಗಿ ಒಳಗೆ ಒಂದು ಮಂಚದ ಮೇಲೆ ಕೂರಿಸಿ, ಪಕ್ಕದಲ್ಲಿ ನೀನೂ ಕೂತುಬಿಡು. ಯಾರು ಏನು ಕೂಗಿದರೂ ಏಳಬೇಡಿ. ಕಾಗದ ಮುಟ್ಟಿತು, ಅವಳನ್ನು ಕಳಿಸುತ್ತಿಲ್ಲ ಎಂದು ಎರಡು ಸಾಲು ಬರೆದು ಇದೇ ಡ್ರೈವರನ ಕೈಯಲ್ಲಿ ನಾಳೆಯೇ ಕೊಟ್ಟು ಕಳಿಸು. ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿರುತ್ತೇನೆ.